ಕೆರೆಯ ಲೆಕ್ಕ ಇಡುವವರು ಯಾರು?

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಪೂರ್ವ ಭಾಗದ ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೊರಟ ಚಿತ್ರಗಳು ಓದುಗರ ನೆನಪಿನಲ್ಲಿರಬಹುದು. ಇಪ್ಪತ್ನಾಲ್ಕು ಗಂಟೆಗಳಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಸುರಿದು, ಕೆರೆಗಳು ಕೋಡಿ ಬಿದ್ದು, ಹೊರ ವರ್ತುಲ ರಸ್ತೆಯೇ ಹೊಳೆಯಾಗಿತ್ತು. ಜಗತ್ತಿಗೆಲ್ಲ ತಂತ್ರಾಂಶ ಬರೆದುಕೊಡುವ ಊರು ತನ್ನ ಮಳೆನೀರಿನ ದಾರಿಯನ್ನು ಲೆಕ್ಕ ಹಾಕಲಾರದೆ ಹೋಯಿತೆಂದು ಅನೇಕರು ಆಗ ಕುಹಕವಾಡಿದರು. ಕುಹಕ ಸರಿಯೇ. ಆದರೆ ಕೊರತೆ ಇದ್ದದ್ದು ತಂತ್ರಾಂಶದಲ್ಲಲ್ಲ.

ನೆರೆಯನ್ನು ಗಣಕಯಂತ್ರದಲ್ಲಿ ಅನುಕರಿಸುವ ಫೋರ್ಟ್ರಾನ್ ಕಾಲದ ಪ್ರೋಗ್ರಾಂಗಳು ಸೂತ್ರಗಳ ಒಂದು ಉದ್ದನೆಯ ಸರಣಿಯಂತಿದ್ದವು. ಮಳೆಯ ಅಂಕಿ ಒಂದೆಡೆ, ನೆಲದ ಇಳಿಜಾರು ಇನ್ನೊಂದೆಡೆ, ಕಾಲುವೆಯ ಅಳತೆ ಮತ್ತೊಂದೆಡೆ. ಒಂದು ಮೋರಿಯ ಅಗಲ ಬದಲಾದರೆ ಯಾವ ಸಾಲನ್ನು ತಿದ್ದಬೇಕೆಂಬುದು ಬರೆದವನಿಗೆ ಗೊತ್ತು. ಆತ ವರ್ಗವಾಗಿ ಹೋದರೆ ದೇವರಿಗೇ ಗೊತ್ತು. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ರೂಪಿಸಿದ ‘ಸಿಮ್ಯುಲಾ’ ಭಾಷೆ ಬೇರೊಂದು ದಾರಿ ತೋರಿಸಿತು. ಹೊರಜಗತ್ತಿನ ವಿದ್ಯಮಾನಗಳನ್ನು ಅನುಕರಿಸಲೆಂದೇ ಹುಟ್ಟಿದ ಆ ಭಾಷೆಯಲ್ಲಿ ಪ್ರತಿಯೊಂದು ವಸ್ತುವೂ ತನ್ನ ವಿವರಗಳನ್ನೂ ತನ್ನ ನಡವಳಿಕೆಯ ನಿಯಮಗಳನ್ನೂ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಇಂದು ಆಬ್ಜೆಕ್ಟ್ ಓರಿಯೆಂಟೆಡ್ ಎಂದು ಕರೆಯುವ ವಿನ್ಯಾಸದ ಮೂಲ ಇದೇ.

ಇದನ್ನು ಅರಿಯಲು ನಮ್ಮ ಕೆರೆಸಾಲಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮಡಿವಾಳ ಕೆರೆ ತುಂಬಿದರೆ ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ನೀರು ಇಳಿಯುತ್ತದೆ. ವಸ್ತುಕೇಂದ್ರಿತ ಮಾದರಿಯಲ್ಲಿ ‘ಕೆರೆ’ ಎಂಬುದು ಒಂದು ವರ್ಗ. ಅಗರ, ಬೆಳ್ಳಂದೂರುಗಳು ಅದರ ವ್ಯಕ್ತಿಗಳು. ಎಷ್ಟು ಆಳಕ್ಕೆ ಎಷ್ಟು ನೀರು ಹಿಡಿಯುತ್ತದೆ, ಕೋಡಿಯ ಮಟ್ಟವೆಷ್ಟು, ಹೂಳೆಷ್ಟು ಎಂಬುದು ಆಯಾ ಕೆರೆಗೇ ಗೊತ್ತು. ಮೇಲಿನ ಕೆರೆ ಕೆಳಗಿನದಕ್ಕೆ ‘ಇಷ್ಟು ನೀರು ಬರುತ್ತಿದೆ’ ಎಂದು ತಿಳಿಸಿದರೆ ಸಾಕು, ಉಳಿದದ್ದನ್ನು ಕೆಳಗಿನದು ತಾನೇ ಲೆಕ್ಕ ಹಾಕುತ್ತದೆ. ಕೋಡಿಯ ಮೇಲೆ ಹರಿಯುವ ನೀರಿನ ಎತ್ತರ ದುಪ್ಪಟ್ಟಾದರೆ ಹೊರಹರಿವು ಬರಿಯ ದುಪ್ಪಟ್ಟಲ್ಲ, ಸುಮಾರು 2.8 ಪಟ್ಟಾಗುತ್ತದೆ. ಮೇಲಿನ ಕೆರೆಯಲ್ಲಿ ಒಂದು ಗೇಣು ಹೆಚ್ಚಾದದ್ದು ಕೆಳಗಿನ ಬಡಾವಣೆಯಲ್ಲಿ ಮೊಳಕಾಲುದ್ದ ನೀರಾಗುವುದರ ಹಿಂದೆ ಈ ಗಣಿತವೂ ಇದೆ. ಆಲಮಟ್ಟಿಯಂಥ ಗೇಟುಳ್ಳ ಜಲಾಶಯವೂ ಇದೇ ಮನೆತನದ್ದೇ. ನೀರು ಹಿಡಿದಿಡುವ ಗುಣವನ್ನು ಪಿತ್ರಾರ್ಜಿತವಾಗಿ ಪಡೆದು, ಗೇಟು ತೆರೆಯುವ ನಿಯಮವನ್ನು ಸ್ವಯಾರ್ಜಿತವಾಗಿ ಸೇರಿಸಿಕೊಳ್ಳುತ್ತದೆ. ‘ಎಷ್ಟು ಬಿಡುತ್ತೀಯೆ?’ ಎಂಬ ಪ್ರಶ್ನೆ ಎರಡಕ್ಕೂ ಒಂದೇ, ಉತ್ತರದ ರೀತಿ ಬೇರೆ.

ಈ ವಸ್ತುಗಳಿಗೆ ನೆಲದ ಮೇಲೆ ಠಾವು ಕೊಡುವುದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್. ಅಮೆರಿಕದ ಸೇನಾ ಎಂಜಿನಿಯರುಗಳ ದಳ 1960ರ ದಶಕದ ತನ್ನ ಹಳೆಯ ಪ್ರೋಗ್ರಾಮಿನ ಬದಲಿಗೆ 1998ರಲ್ಲಿ ಹೊರತಂದ ಹೆಕ್-ಎಚ್‌ಎಂಎಸ್ ಇಂಥ ವಿನ್ಯಾಸದ್ದು. ಅದು ಉಚಿತವಾಗಿಯೇ ಸಿಗುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯದ ಡೇವಿಡ್ ಮೈಡ್‌ಮೆಂಟ್ 2002ರಲ್ಲಿ ಪ್ರಚುರಪಡಿಸಿದ ‘ಆರ್ಕ್ ಹೈಡ್ರೋ’ ನಕ್ಷೆಯ ಮೇಲಿನ ನೀಲಿ ಗೆರೆಯನ್ನು ಬರಿಯ ಗೆರೆಯಾಗಿ ಉಳಿಸದೆ, ತನ್ನ ಮುಂದಿನ ತೊರೆ ಯಾವುದೆಂದು ಬಲ್ಲ ವಸ್ತುವಾಗಿ ಮಾಡಿತು. ಎಲ್ಲಕ್ಕೂ ಇದೇ ಮದ್ದೆಂದು ಹೇಳಲಾರೆ. ಕಾಲುವೆಯನ್ನು ಮೀರಿ ಬೀದಿಗೆ ಹರಡಿದ ನೀರಿಗೆ ಹೆಸರೂ ಇಲ್ಲ, ಎಲ್ಲೆಯೂ ಇಲ್ಲ. ಅದಕ್ಕೆ ನೆಲವನ್ನು ಲಕ್ಷಾಂತರ ಚೌಕಗಳಾಗಿ ಸೀಳಬೇಕು. ಒಂದೊಂದು ಚೌಕವನ್ನೂ ವಸ್ತುವೆಂದು ಗಣಿಸಹೊರಟರೆ ಯಂತ್ರ ಏದುಸಿರು ಬಿಡುತ್ತದೆ. ಆದ್ದರಿಂದ ಕೆರೆ-ಕಾಲುವೆಗಳನ್ನು ವಸ್ತುಗಳಾಗಿಯೂ ಬಯಲನ್ನು ಅಂಕಿಗಳ ಕೋಷ್ಟಕವಾಗಿಯೂ ಇಡುವುದು ವಾಡಿಕೆ.

ನಮ್ಮಲ್ಲೂ ಪ್ರಯತ್ನವಾಗದೆ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ 2020ರಲ್ಲಿ ‘ಮೇಘ ಸಂದೇಶ’ ಆ್ಯಪ್ ತಂದಿತು. ತೊಡಕಿರುವುದು ಮಾದರಿಗೆ ಉಣಿಸುವ ವಿವರಗಳಲ್ಲಿ. ಸೇವೆಯಲ್ಲಿದ್ದಾಗ ನಾನು ಕಂಡ ಒಂದು ಕಡತದಲ್ಲಿ ಒಂದೇ ಕೆರೆಗೆ ಮೂರು ಇಲಾಖೆಗಳು ಮೂರು ವಿಸ್ತೀರ್ಣ ನಮೂದಿಸಿದ್ದವು. ಮೂರಕ್ಕೂ ಮೊಹರಿತ್ತು. ಯಾವುದು ಸರಿ ಎಂದು ಕೇಳಿದ್ದಕ್ಕೆ ಸಭೆ ಕರೆಯಲಾಯಿತು. ಸಭೆಯ ನಡಾವಳಿಯಲ್ಲಿ ನಾಲ್ಕನೆಯ ಅಂಕಿ ಬಂತು! ಹಿಂದೆ ಹಳ್ಳಿಯ ನೀರುಗಂಟಿಗೆ ಈ ಪಾಡಿರಲಿಲ್ಲ. ತೂಬು ಎಷ್ಟು ತೆರೆದರೆ ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕೋಡಿ ಯಾವ ಮಳೆಗೆ ಬೀಳುತ್ತದೆ ಎಂಬುದೆಲ್ಲ ಅವನೊಬ್ಬನಲ್ಲಿತ್ತು, ಕೇಳಿದವರಿಗೆ ಅವನೇ ಹೇಳುತ್ತಿದ್ದ. ಗಣಕತಜ್ಞರು ಇಂದು ಬೋಧಿಸುವುದೂ ಇದನ್ನೇ: ವಸ್ತುವಿನ ವಿವರಕ್ಕೆ ಒಬ್ಬನೇ ಒಡೆಯನಿರಲಿ, ಉಳಿದವರು ಅವನನ್ನು ಕೇಳಿ ಪಡೆಯಲಿ.

ಮಹಾಲೇಖಪಾಲರ 2021ರ ವರದಿಯ ಪ್ರಕಾರ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕಾಲುವೆಗಳ ಉದ್ದ 2016–17ರ ವೇಳೆಗೆ ಸುಮಾರು 63 ಕಿಲೋಮೀಟರಿಗೆ ಇಳಿದಿತ್ತು. ಐವತ್ತು ಕಿಲೋಮೀಟರ್ ಕಾಲುವೆ ಒಂದು ರಾತ್ರಿಯಲ್ಲಿ ಮಾಯವಾಗುವುದಿಲ್ಲ. ಒಂದೊಂದು ತುಂಡು ಹೋದಾಗಲೂ ಎಲ್ಲೋ ಒಂದು ಅನುಮತಿಯೋ ಒಂದು ಮೌನವೋ ಇದ್ದೇ ಇರುತ್ತದೆ. ಮಾದರಿ ಕಟ್ಟಿಸುವುದಕ್ಕೆ ಆಯವ್ಯಯದಲ್ಲಿ ಹಣ ಸಿಗುತ್ತದೆ. ವರ್ಷವರ್ಷವೂ ಅದನ್ನು ತಿದ್ದುವ ಗುಮಾಸ್ತನಿಗೆ ಲೆಕ್ಕಶೀರ್ಷಿಕೆಯೇ ಸಿಗುವುದಿಲ್ಲ. ಹೀಗಾಗಿ ಸಲಹೆಗಾರರು ಒಪ್ಪಿಸಿದ ಬಣ್ಣದ ನಕ್ಷೆ ಮರುವರ್ಷದ ಮೋರಿ ಕಾಮಗಾರಿಗೇ ಹಳತಾಗುತ್ತದೆ.

2025ರಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರ ಪಾಲಿಕೆಗಳೂ ಬಂದಿವೆ. ನೀರು ವಾರ್ಡಿನ ಗಡಿ ನೋಡಿ ಹರಿಯುವುದಿಲ್ಲ. ಒಂದು ಪಾಲಿಕೆಯ ಚಾವಣಿಗಳ ಮೇಲೆ ಬಿದ್ದದ್ದು ಇನ್ನೊಂದರ ನೆಲಮಾಳಿಗೆ ಸೇರುತ್ತದೆ. ಪ್ರಾಧಿಕಾರ ಮೊದಲು ಮಾಡಬಹುದಾದ ಕೆಲಸಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ. ಪ್ರತಿ ಕೆರೆಗೂ, ರಾಜಕಾಲುವೆಯ ಪ್ರತಿ ತುಂಡಿಗೂ, ಪ್ರತಿ ಮೋರಿಗೂ ಐದೂ ಪಾಲಿಕೆಗಳು ಒಪ್ಪುವ ಒಂದೇ ಸಂಖ್ಯೆ ಕೊಡಲಿ. ಅದರ ಅಳತೆಗೆ ಹೊಣೆಯಾದ ಎಂಜಿನಿಯರ್ ಯಾರೆಂದು ಪ್ರಕಟಿಸಲಿ. ಮೋರಿ ಬದಲಾದ ದಿನವೇ ಹೊಸ ಅಳತೆ ದಾಖಲಾಗದಿದ್ದರೆ ಗುತ್ತಿಗೆದಾರನ ಬಿಲ್ಲು ಪಾಸಾಗದಿರಲಿ. ಬಿಲ್ಲು ನಿಂತರೆ ಅಳತೆ ತಾನಾಗಿ ಬರುತ್ತದೆಂಬುದು ನನ್ನ ಮೂರು ದಶಕಗಳ ಅನುಭವ.