ಕಡಲೊಳಗೊಂದು ರಜೆ

ಆಳ ತಿಳಿಯದೆ ನೀರಿಗಿಳಿಯಬಾರದೆಂಬುದು ಹಿರಿಯರ ಬುದ್ಧಿವಾದ. ಆದರೆ ನೀರೊಳಗೆ ಮೀನಿನಂತೆ ಬಹಳ ಹೊತ್ತು ಉಳಿಯಬೇಕೆಂಬ ಆಸೆಯೂ ಮನುಷ್ಯನಿಗೆ ಅಷ್ಟೇ ಹಳೆಯದು. ಕುರುಕ್ಷೇತ್ರದ ಕೊನೆಯ ದಿನ ದುರ್ಯೋಧನನು ಜಲಸ್ತಂಭನ ಮಂತ್ರದ ಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗಿ ಕುಳಿತ ಕಥೆಯನ್ನು ಕನ್ನಡಿಗರು ಕಾವ್ಯದಲ್ಲಿಯೂ ಯಕ್ಷಗಾನದಲ್ಲಿಯೂ ಕೇಳಿದವರೇ. ಮಂತ್ರ ಬಾರದ ಸಾಮಾನ್ಯರಿಗೆ ಆ ಶಕ್ತಿ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದನ್ನು ತಂದುಕೊಟ್ಟದ್ದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಕವಾಟ. ಇಂದು ರಜೆಯಲ್ಲಿ ಅಂಡಮಾನಿಗೆ ಹೋಗುವ ಗುಮಾಸ್ತರು, ಉಪಾಧ್ಯಾಯರು, ಹೊಸದಾಗಿ ಮದುವೆಯಾದ ದಂಪತಿಗಳು ಕೂಡ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹವಳದ ತೋಟಗಳ ನಡುವೆ ತೇಲಾಡಿ ಬರುತ್ತಾರೆ. ಇದನ್ನೇ ಸ್ಕೂಬಾ ಎನ್ನುತ್ತಾರೆ. ‘ತನ್ನೊಳಗೆ ತಾನೇ ಪೂರ್ಣವಾದ, ನೀರಿನೊಳಗಿನ ಉಸಿರಾಟದ ಉಪಕರಣ’ ಎಂಬರ್ಥದ ಇಂಗ್ಲಿಷ್ ಶಬ್ದಗಳ ಮೊದಲ ಅಕ್ಷರಗಳಿಂದಾದ ಹೆಸರು ಇದು.

ಈ ವಿನೋದದಲ್ಲಿ ಇಳಿಯುವುದಕ್ಕಿಂತ ಮೇಲೇಳುವುದೇ ಹೆಚ್ಚು ಎಚ್ಚರಿಕೆಯ ಕೆಲಸ. ಹಾಗೇಕೆಂಬುದನ್ನು ತಿಳಿಯಬೇಕಾದರೆ ನೀರಿನ ಒತ್ತಡದ ವಿಷಯವನ್ನು ಸ್ವಲ್ಪ ನೋಡಬೇಕು.

ನಮ್ಮ ತಲೆಯ ಮೇಲಿರುವ ವಾಯುಮಂಡಲವು ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಭಾರವನ್ನು ಹೇರುತ್ತದೆ. ಹುಟ್ಟಿದಂದಿನಿಂದ ಅಭ್ಯಾಸವಾಗಿರುವುದರಿಂದ ಅದು ನಮಗೆ ಗೊತ್ತಾಗುವುದಿಲ್ಲ. ನೀರು ಗಾಳಿಗಿಂತ ಬಹಳ ಭಾರ. ಸಮುದ್ರದಲ್ಲಿ ಕೇವಲ ೧೦ ಮೀಟರ್ ಇಳಿದರೆ ಸಾಕು, ಇಡೀ ವಾಯುಮಂಡಲದಷ್ಟೇ ಒತ್ತಡ ಮತ್ತೊಮ್ಮೆ ಸೇರುತ್ತದೆ. ೨೦ ಮೀಟರಿನಲ್ಲಿ ಒಟ್ಟು ಒತ್ತಡ ಮೂರು ಪಟ್ಟು, ೩೦ ಮೀಟರಿನಲ್ಲಿ ನಾಲ್ಕು ಪಟ್ಟು.

ಒಂದು ಖಾಲಿ ಕೊಡವನ್ನು ಬೋರಲು ಹಿಡಿದು ಬಾವಿಯ ನೀರಿನಲ್ಲಿ ಅದುಮಿ ನೋಡಿ. ಒಳಗಿನ ಗಾಳಿ ಹೊರಗೆ ಹೋಗುವುದಿಲ್ಲ. ಆದರೆ ಕೊಡ ಕೆಳಗಿಳಿದಂತೆ ನೀರು ಸ್ವಲ್ಪಸ್ವಲ್ಪವಾಗಿ ಒಳಗೆ ಏರುತ್ತದೆ. ೧೦ ಮೀಟರಿನಲ್ಲಿ ಗಾಳಿ ಅರ್ಧ ಕೊಡಕ್ಕೆ ಕುಗ್ಗಿರುತ್ತದೆ, ೩೦ ಮೀಟರಿನಲ್ಲಿ ಕಾಲು ಕೊಡಕ್ಕೆ. ಒತ್ತಡ ಎಷ್ಟು ಪಟ್ಟು ಹೆಚ್ಚಿತೋ ಗಾಳಿಯ ಗಾತ್ರ ಅಷ್ಟು ಪಟ್ಟು ಕುಗ್ಗುತ್ತದೆಂಬ ಈ ನಿಯಮವನ್ನು ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ೧೬೬೨ರಲ್ಲಿ ಪ್ರಕಟಿಸಿದನು. ಮುಳುಗುಗಾರನು ಮೊದಲಿಂದ ಕೊನೆಯವರೆಗೆ ಪಾಲಿಸಬೇಕಾದ ಕಾನೂನು ಇದೊಂದೇ ಎಂದರೂ ಸಲ್ಲುತ್ತದೆ.

ಉದ್ದವಾದ ಕೊಳವೆಯೊಂದರ ತುದಿಯನ್ನು ನೀರಿನ ಮೇಲಿಟ್ಟು ಆಳದಲ್ಲಿ ಉಸಿರಾಡಬಾರದೇಕೆಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಒಂದೆರಡು ಮೀಟರ್ ಇಳಿಯುವಷ್ಟರಲ್ಲಿಯೇ ನೀರು ಎದೆಯನ್ನು ಅದುಮಿ ಹಿಡಿಯುತ್ತದೆ; ಪಕ್ಕೆಯ ಸ್ನಾಯುಗಳಿಗೆ ಅದನ್ನು ಎದುರಿಸಿ ಮೇಲಿನ ಗಾಳಿಯನ್ನು ಸೆಳೆಯುವ ಬಲವಿಲ್ಲ. ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದಲ್ಲಿ ಗಾಳಿ ಬಾಯಿಗೆ ಬರಬೇಕು. ಈ ಕೆಲಸವನ್ನು ತಾನಾಗಿಯೇ ಮಾಡುವ ಕವಾಟವನ್ನು ೧೯೪೩ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಸಿದ್ಧಪಡಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದಿದ್ದಾಗ ಮೋಟಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ರೂಪಿಸಿದ್ದ ಕವಾಟವೇ ಇದಕ್ಕೆ ಮೂಲ. ಅದಕ್ಕೆ ಮೊದಲು ಕಡಲ ತಳದಲ್ಲಿ ಕೆಲಸ ಮಾಡುವವನು ಸಾಮಾನ್ಯವಾಗಿ ಲೋಹದ ಶಿರಸ್ತ್ರಾಣ ತೊಟ್ಟು, ಹಡಗಿನಿಂದ ಬರುವ ಗಾಳಿಯ ಕೊಳವೆಗೆ ಕಟ್ಟಿಹಾಕಿದ ಕರುವಿನಂತೆ ನಡೆದಾಡಬೇಕಾಗಿತ್ತು. ಹೊಸ ಉಪಕರಣವು ಅವನ ಹಗ್ಗವನ್ನು ಬಿಚ್ಚಿತು. ಕೂಸ್ಟೊ ತೆಗೆದ ಸಮುದ್ರದಾಳದ ಚಲನಚಿತ್ರವು ೧೯೫೬ರಲ್ಲಿ ಕಾನ್ ಉತ್ಸವದ ಅತ್ಯುಚ್ಚ ಪ್ರಶಸ್ತಿಯನ್ನು ಪಡೆದ ಮೇಲೆ ಲೋಕದ ಜನಕ್ಕೆಲ್ಲ ಈ ಹುಚ್ಚು ಹಿಡಿಯಿತು.

ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ವಿನೋದಕ್ಕಾಗಿ ಮುಳುಗುವವರು ಸಾಮಾನ್ಯವಾಗಿ ಒಯ್ಯುವುದು ನಾವು ಉಸಿರಾಡುವ ಗಾಳಿಯನ್ನೇ, ಚೆನ್ನಾಗಿ ಸೋಸಿ ಒತ್ತಿ ತುಂಬಿದ್ದು. ೧೧ ಲೀಟರಿನ ಸಿಲಿಂಡರಿನಲ್ಲಿ ೨೦೦ ಪಟ್ಟು ಒತ್ತಡದಲ್ಲಿ ೨,೨೦೦ ಲೀಟರ್ ಗಾಳಿ ಹಿಡಿಯುತ್ತದೆ. ನೀರಿನ ಮೇಲೆ ನಿಮಿಷಕ್ಕೆ ೨೦ ಲೀಟರ್ ಬಳಸುವವನಿಗೆ ೨೦ ಮೀಟರಿನ ಆಳದಲ್ಲಿ ೬೦ ಲೀಟರ್ ಬೇಕು. ಕಾಲು ಭಾಗವನ್ನು ಆಪದ್ಧನವಾಗಿ ಉಳಿಸಿಕೊಳ್ಳಬೇಕಾದ್ದರಿಂದ ಅರ್ಧ ಗಂಟೆಗೂ ತುಸು ಕಡಿಮೆಯೇ ಅವನ ಪಾಲಿಗೆ ಉಳಿಯುವ ಹೊತ್ತು. ಗಾಬರಿಯಾಗಿ ಏದುಸಿರು ಬಿಟ್ಟರೆ ಅದೂ ಇಲ್ಲ. ನಿಧಾನವಾದ, ದೀರ್ಘವಾದ ಉಸಿರೇ ಮುಳುಗುಗಾರನ ಉಳಿತಾಯ.

ಇಳಿಯುವಾಗ ಮೊದಲು ದೂರು ಹೇಳುವುದು ಕಿವಿ. ಕಿವಿದಮಟೆಯ ಒಳಬದಿಯ ಗಾಳಿ ಕುಗ್ಗಿ, ಹೊರಗಿನ ನೀರು ಅದನ್ನು ಒಳಕ್ಕೆ ತಳ್ಳುತ್ತದೆ. ಘಟ್ಟ ಇಳಿಯುವ ಬಸ್ಸಿನಲ್ಲಿ ಕಿವಿ ಕಟ್ಟುವುದೂ ಇದೇ ಕಾರಣದಿಂದ. ಮೂಗನ್ನು ಹಿಡಿದು ಮೆಲ್ಲನೆ ಗಾಳಿಯನ್ನು ಒತ್ತಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ನೋವು ನಿಲ್ಲುತ್ತದೆ. ನೋವು ಬರುವ ಮೊದಲೇ, ಅಡಿಅಡಿಗೂ ಹೀಗೆ ಮಾಡುತ್ತ ಇಳಿಯಬೇಕು. ನೆಗಡಿಯಾದವನಿಗೆ ಆ ನಾಳ ತೆರೆಯದು. ಅಂದು ಅವನು ದಡದಲ್ಲಿ ಕುಳಿತು ಎಳನೀರು ಕುಡಿಯುವುದೇ ಕ್ಷೇಮ.

ಇನ್ನು ಮೇಲೇಳುವ ವಿಷಯ. ೧೦ ಮೀಟರಿನಲ್ಲಿ ಎದೆ ತುಂಬ ಉಸಿರೆಳೆದು, ಬಿಗಿಹಿಡಿದು, ಮೇಲಕ್ಕೆ ಬಂದರೆ ಏನಾಗುತ್ತದೆ? ಒತ್ತಡ ಅರ್ಧವಾಗಿ, ಶ್ವಾಸಕೋಶದ ಗಾಳಿ ಎರಡರಷ್ಟಾಗಲು ಹವಣಿಸುತ್ತದೆ. ಆ ಎಳೆತಕ್ಕೆ ಶ್ವಾಸಕೋಶದ ನವುರಾದ ಗೋಡೆ ಹರಿದು ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಬಹುದು. ಮಿದುಳಿಗೆ ತಲಪಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ನೀರೊಳಗೆ ಎಂದೂ ಉಸಿರು ಬಿಗಿಹಿಡಿಯಕೂಡದೆಂಬುದು ಮೊದಲ ಪಾಠ. ಈಜು ಬಲ್ಲವರಿಗೆ ಇದು ಬಹಳ ಕಷ್ಟ. ಮುಳುಗುವಾಗ ಉಸಿರು ಕಟ್ಟುವುದನ್ನು ಕೆರೆಯಲ್ಲಿ ಬಾಲ್ಯದಿಂದ ಕಲಿತವರು ಇಲ್ಲಿ ಆ ವಿದ್ಯೆಯನ್ನು ಮರೆಯಬೇಕು.

ಎರಡನೆಯ ಅಪಾಯ ಕಣ್ಣಿಗೆ ಕಾಣದ್ದು. ಗಾಳಿಯಲ್ಲಿ ನೂರಕ್ಕೆ ೭೮ ಪಾಲು ಸಾರಜನಕ. ಒತ್ತಡ ಹೆಚ್ಚಿದಂತೆ ಅದು ರಕ್ತದಲ್ಲಿಯೂ ಮಾಂಸಖಂಡಗಳಲ್ಲಿಯೂ ಕರಗುತ್ತ ಹೋಗುತ್ತದೆ. ಗೋಲಿ ಸೋಡಾ ಬಾಟಲಿಯನ್ನು ನೆನೆಯಿರಿ. ಗೋಲಿ ಬಿಗಿಯಾಗಿರುವಾಗ ಒಳಗಿನ ನೀರು ತಿಳಿಯಾಗಿರುತ್ತದೆ. ಟಪ್ಪೆಂದು ಗೋಲಿಯನ್ನು ಒತ್ತಿದೊಡನೆ ನೊರೆನೊರೆಯಾಗಿ ಉಕ್ಕುತ್ತದೆ. ಅವಸರವಾಗಿ ಮೇಲೆ ಬಂದವನ ಮೈಯೊಳಗೂ ಹಾಗೆಯೇ ಗುಳ್ಳೆಗಳೇಳುತ್ತವೆ. ಕೀಲುಗಳಲ್ಲಿ ಸಹಿಸಲಾಗದ ನೋವು, ಮೈ ಜೋಮು, ಕೆಲವೊಮ್ಮೆ ಕಾಲುಗಳ ಸ್ವಾಧೀನವೇ ತಪ್ಪುವುದುಂಟು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯ ತೋಡುವಾಗ ನದಿಯ ತಳದ ಒತ್ತಡದ ಕೋಣೆಗಳಲ್ಲಿ ದುಡಿದ ಕೂಲಿಗಳು ಈ ರೋಗಕ್ಕೆ ತುತ್ತಾದರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ೧೮೭೨ರಲ್ಲಿ ಹಾಸಿಗೆ ಹಿಡಿದನು. ಸಾರಜನಕದ ಗುಳ್ಳೆಗಳೇ ಕಾರಣವೆಂದು ಫ್ರಾನ್ಸಿನ ಪಾಲ್ ಬೇರ್ ೧೮೭೮ರಲ್ಲಿ ತೋರಿಸಿದನು. ಮೆಟ್ಟಿಲುಮೆಟ್ಟಿಲಾಗಿ ನಿಂತು ಮೇಲೆ ಬರುವ ಕ್ರಮವನ್ನು ಆಡುಗಳ ಮೇಲೆ ಪ್ರಯೋಗ ಮಾಡಿ, ೧೯೦೮ರಲ್ಲಿ ಪಟ್ಟಿಗಳ ರೂಪದಲ್ಲಿ ಪ್ರಕಟಿಸಿದವನು ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್.

ಇಂದಿನ ಮುಳುಗುಗಾರನ ಮಣಿಕಟ್ಟಿನಲ್ಲಿರುವ ಪುಟ್ಟ ಗಣಕವು ಆ ಲೆಕ್ಕವನ್ನು ಕ್ಷಣಕ್ಷಣಕ್ಕೂ ಮಾಡುತ್ತಿರುತ್ತದೆ. ನಿಮಿಷಕ್ಕೆ ೯ ಮೀಟರಿಗಿಂತ ವೇಗವಾಗಿ ಏಳಬಾರದು. ೫ ಮೀಟರಿನಲ್ಲಿ ೩ ನಿಮಿಷ ನಿಂತು, ಮೈಯಲ್ಲಿ ಕರಗಿದ ಸಾರಜನಕ ಉಸಿರಿನೊಡನೆ ಹೊರಟುಹೋಗಲು ಬಿಟ್ಟು, ಬಳಿಕ ಮೇಲೆ ಬರಬೇಕು. ಭೀಮನ ಮೂದಲೆಗೆ ಕೆರಳಿ ದುರ್ಯೋಧನನು ಎದ್ದು ಬಂದಂತೆ ಇಲ್ಲಿ ಏಳುವ ಹಾಗಿಲ್ಲ. ಎಂಥ ಭೀಮ ಕರೆದರೂ ಮೂರು ನಿಮಿಷ ಕಾಯಬೇಕು.

ನೀರಿನಿಂದ ಹೊರಬಂದ ಮೇಲೂ ಕಾಯುವ ಕೆಲಸ ಮುಗಿಯುವುದಿಲ್ಲ. ವಿಮಾನ ಎತ್ತರಕ್ಕೇರಿದಾಗ ಒಳಗಿನ ವಾಯುವಿನ ಒತ್ತಡ ನೆಲದ ಮೇಲಿನದಕ್ಕಿಂತ ಕಡಿಮೆ. ಅಂದರೆ ಗೋಲಿಯನ್ನು ಮತ್ತಷ್ಟು ಒತ್ತಿದಂತೆ. ಒಂದು ಸಲ ಮಾತ್ರ ಮುಳುಗಿದವರು ಕನಿಷ್ಠ ೧೨ ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ ೧೮ ಗಂಟೆ ವಿಮಾನ ಹತ್ತಬಾರದೆಂದು ತಜ್ಞರ ಸೂಚನೆಯಿದೆ. ರಜೆಯ ಕೊನೆಯ ಸಂಜೆ ಇನ್ನೊಮ್ಮೆ ಮುಳುಗಿ, ಬೆಳಗಿನ ವಿಮಾನ ಹಿಡಿಯುವ ದುರಾಸೆ ಬೇಡ. ಅಂಡಮಾನಿಗೆ ಹೋದವರು ಆ ಕೊನೆಯ ದಿನವನ್ನು ಸೆಲ್ಯುಲರ್ ಜೈಲಿನ ದರ್ಶನಕ್ಕೆ ಮೀಸಲಿಟ್ಟರೆ ದೇಹಕ್ಕೂ ಹಿತ, ಮನಸ್ಸಿಗೂ ಸಂಸ್ಕಾರ.

ಆ ಜೈಲು ಇರುವುದು ಪೋರ್ಟ್ ಬ್ಲೇರಿನಲ್ಲಿ. ೨೦೨೪ರಲ್ಲಿ ಈ ಪಟ್ಟಣಕ್ಕೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. ಅಲ್ಲಿಂದ ಈಶಾನ್ಯಕ್ಕೆ ಸುಮಾರು ೪೦ ಕಿಲೋಮೀಟರ್ ದೂರದಲ್ಲಿ ಹ್ಯಾವ್‌ಲಾಕ್ ದ್ವೀಪವಿದೆ. ೨೦೧೮ರ ಡಿಸೆಂಬರಿನಿಂದ ಅದರ ಹೆಸರು ಸ್ವರಾಜ್ ದ್ವೀಪ. ಹಡಗಿನಲ್ಲಿ ಎರಡು ಗಂಟೆಯ ಆಸುಪಾಸಿನ ಪ್ರಯಾಣ. ದೇಶವಿಭಜನೆಯ ತರುವಾಯ ಪೂರ್ವ ಬಂಗಾಳದಿಂದ ಬಂದು ನೆಲಸಿದವರು ಕಟ್ಟಿದ ಹಳ್ಳಿಗಳು, ಅಡಕೆ ತೆಂಗಿನ ತೋಟಗಳು, ತೋಟ ದಾಟಿದರೆ ಬೆಳ್ಳನೆಯ ಮರಳು. ಮುಂಗಾರಿನ ಗಾಳಿ ಅಡಗಿರುವ ತಿಂಗಳುಗಳಲ್ಲಿ ನೀರು ತಿಳಿಯಾಗಿ, ಮುಳುಗುವುದಕ್ಕೆ ಅನುಕೂಲವಾಗಿರುತ್ತದೆ.

ಒಳಗೆ ಕಾಣುವ ಲೋಕವೇ ಬೇರೆ. ನೀರು ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ. ಹತ್ತಾರು ಮೀಟರಿನಲ್ಲಿ ಕೆಂಪು ಹವಳವೂ ಮಸುಕು ಬೂದಾಗಿ ಕಾಣುತ್ತದೆ, ದೀಪ ಹಿಡಿದರೆ ಮಾತ್ರ ಬಣ್ಣ ಮರಳುತ್ತದೆ. ಮುಖಗನ್ನಡಿಯೊಳಗಿಂದ ಎಲ್ಲವೂ ಮೂರನೆಯ ಒಂದು ಪಾಲು ದೊಡ್ಡದಾಗಿ ತೋರುತ್ತದೆ. ನೋಡಿದ ಮೀನಿನ ಉದ್ದವನ್ನು ದಡಕ್ಕೆ ಬಂದು ವರ್ಣಿಸುವವರ ಮಾತಿನಲ್ಲಿ ಅಷ್ಟನ್ನಾದರೂ ಕಳೆಯಬೇಕು. ಶಬ್ದವು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಬರುವುದರಿಂದ ದೋಣಿಯ ಸದ್ದು ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ. ಗಿಳಿಮೂತಿಯ ಮೀನುಗಳು ಹವಳದ ಕಲ್ಲನ್ನು ಕಟಕಟನೆ ಕಡಿದು ಮರಳಾಗಿ ಹೊರಹಾಕುತ್ತವೆ. ದಡದ ಬಿಳಿ ಮರಳಿನಲ್ಲಿ ಅವುಗಳ ಪಾಲೂ ಇದೆ.

ಹವಳವನ್ನು ಕಲ್ಲೆಂದು ತಿಳಿದು ಕಾಲಿಡುವವರುಂಟು. ಅದು ಜೀವ. ಸಾಸಿವೆ ಕಾಳಿನಿಂದ ಹಿಡಿದು ಹಲವು ಗಾತ್ರದ ಮೃದುಪ್ರಾಣಿಗಳು ಒತ್ತೊತ್ತಾಗಿ ಕುಳಿತು, ಸುಣ್ಣದ ಮನೆ ಕಟ್ಟುತ್ತವೆ. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಬಡಿಸುತ್ತವೆ. ಹವಳದ ಬಣ್ಣವೂ ಹೆಚ್ಚಾಗಿ ಆ ಪಾಚಿಯದೇ. ಬೇಸಗೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಈ ನಂಟು ಮುರಿದು ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ. ತಾಪ ಇಳಿಯದಿದ್ದರೆ ಸಾಯುತ್ತದೆ. ೧೯೯೮, ೨೦೧೦ ಮತ್ತು ೨೦೧೬ರಲ್ಲಿ ಅಂಡಮಾನಿನ ಹವಳಗಳು ಹೀಗೆ ಬಿಳಿಚಿದವು. ೨೦೦೪ರ ಡಿಸೆಂಬರ್ ೨೬ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ಕೆಲವು ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಒಣಗಿಹೋದವು. ಇಷ್ಟು ಪೆಟ್ಟು ತಿಂದು ಉಳಿದಿರುವುದನ್ನು ನಮ್ಮ ಕಾಲಿಗೆ ಕಟ್ಟಿದ ರಬ್ಬರಿನ ಹುಟ್ಟು ಮುರಿಯಬಾರದು. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಕೊಂಬೆ ಒಂದು ಒದೆತಕ್ಕೆ ಬೀಳುತ್ತದೆ. ಹವಳದ ತುಂಡನ್ನು ಚೀಲಕ್ಕೆ ಹಾಕಿಕೊಂಡು ಬರುವುದಂತೂ ಕಾನೂನಿನ ಪ್ರಕಾರ ಅಪರಾಧ.

ಅಷ್ಟು ದೂರ ಹೋಗಲಾರದವರಿಗೆ ನಮ್ಮ ಉತ್ತರ ಕನ್ನಡದಲ್ಲಿಯೇ ನೇತ್ರಾಣಿ ದ್ವೀಪವಿದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೊರಟರೆ ಸುಮಾರು ೧೯ ಕಿಲೋಮೀಟರ್. ಮಳೆಗಾಲ ಕಳೆದ ಮೇಲೆ ಅಲ್ಲಿಯೂ ತರಬೇತಿದಾರರ ಜೊತೆಯಲ್ಲಿ ಮುಳುಗಿ ಹವಳವನ್ನೂ ಬಣ್ಣದ ಮೀನುಗಳನ್ನೂ ನೋಡಬಹುದು.

ಎಲ್ಲಿಗೇ ಹೋಗಲಿ, ಕೆಲವು ಮಾತುಗಳನ್ನು ನೆನಪಿಡಬೇಕು. ಉಬ್ಬಸ, ಹೃದ್ರೋಗ, ಮೂರ್ಛೆರೋಗ ಇರುವವರು, ಕಿವಿಯ ಶಸ್ತ್ರಚಿಕಿತ್ಸೆ ಆದವರು ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಕೂಡದು; ಗರ್ಭಿಣಿಯರು ಇಳಿಯಲೇಬಾರದು. ಆರೋಗ್ಯದ ಪ್ರಶ್ನಪತ್ರಿಕೆಯಲ್ಲಿ ಸುಳ್ಳು ಬರೆದರೆ ಮೋಸಹೋಗುವವರು ನಾವೇ. ಮೊದಲ ಸಲ ರುಚಿ ನೋಡುವವರಿಗೆ ೧೨ ಮೀಟರ್ ಗಡಿ. ಮೂರು ನಾಲ್ಕು ದಿನದ ಪ್ರಾಥಮಿಕ ಶಿಕ್ಷಣ ಮುಗಿಸಿದವರಿಗೆ ೧೮ ಮೀಟರ್. ಬಣ್ಣವೂ ಬೆಳಕೂ ಹೆಚ್ಚಾಗಿರುವುದು ಈ ಮಿತಿಯೊಳಗೇ ಆದ್ದರಿಂದ ಆಳಕ್ಕಾಗಿ ಹಂಬಲಿಸಬೇಕಾದ್ದಿಲ್ಲ.

ನೀರೊಳಗೆ ಮಾತಿಲ್ಲ, ಸನ್ನೆಯೇ ಭಾಷೆ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ‘ಎಲ್ಲ ಸರಿ’ ಎಂದರ್ಥ. ಹೆಬ್ಬೆರಳನ್ನು ಮೇಲೆತ್ತಿದರೆ ‘ಮೇಲೆ ಹೋಗೋಣ’ ಎಂದು. ಈ ಎರಡನೆಯ ಸನ್ನೆಯನ್ನು ಯಾರು ಬೇಕಾದರೂ, ಯಾವ ಗಳಿಗೆಯಲ್ಲಾದರೂ ತೋರಿಸಬಹುದು. ಜೊತೆಯವರು ಕಾರಣ ಕೇಳದೆ ಒಪ್ಪಿಕೊಳ್ಳಬೇಕೆಂಬುದು ಮುಳುಗುಗಾರರೊಳಗಿನ ಕಟ್ಟಳೆ. ಕೊಟ್ಟ ಹಣ ವ್ಯರ್ಥವಾಯಿತೆಂದಾಗಲಿ, ನಾಲ್ಕು ಜನರೆದುರು ನಗೆಪಾಟಲಾದೆನೆಂದಾಗಲಿ ಸಂಕೋಚಪಡದೆ ಆ ಬೆರಳೆತ್ತುವ ಧೈರ್ಯವನ್ನು ಮನೆಯಿಂದಲೇ ಕಟ್ಟಿಕೊಂಡು ಹೊರಡಬೇಕು. ಉಳಿದ ಸಾಮಾನುಗಳೆಲ್ಲ ಅಲ್ಲಿ ಬಾಡಿಗೆಗೆ ದೊರೆಯುತ್ತವೆ.