ಶಿವಾಪುರದ ಶಿಲ್ಪಿ: ಕಂಬಾರರ ನಾಟಕಗಳಿಗೆ ಉಸಿರಿತ್ತ ಬೆಳಗಾವಿ ಸೀಮೆ

ಲೋಂಡಾ ಜಂಕ್ಷನ್ನಿನಲ್ಲಿ ಒಂದು ಹಳಿ ಸಹ್ಯಾದ್ರಿಯ ದಟ್ಟಡವಿಯನ್ನು ಹೊಕ್ಕು ಗೋವೆಯತ್ತ ಇಳಿಯುತ್ತದೆ. ಮತ್ತೊಂದು ಖಾನಾಪುರ, ಬೆಳಗಾವಿಗಳನ್ನು ದಾಟಿ ಘಟಪ್ರಭೆಯ ಬಯಲಿಗೆ ಸಾಗುತ್ತದೆ. ಕಾಡು, ಕರಿಮಣ್ಣು, ನದಿಗಳು ಕೂಡಿರುವ ಬೆಳಗಾವಿ ಜಿಲ್ಲೆ ಕನ್ನಡ ಜನಪದ ರಂಗಭೂಮಿಯ ಅಕ್ಷಯ ಭಂಡಾರ. ಸಂಗ್ಯಾ-ಬಾಳ್ಯಾರ ದುರಂತ ಆಟವಾಗಿ ಅರಳಿದ್ದು ಬೈಲಹೊಂಗಲ ಸೀಮೆಯಲ್ಲಿ. ಶ್ರೀಕೃಷ್ಣ ಪಾರಿಜಾತಕ್ಕೆ ಮೆರುಗಿತ್ತ ಕುಲಗೋಡ ತಮ್ಮಣ್ಣ, ತಮ್ಮ ಅಭಿನಯದಿಂದ ಅದನ್ನು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮ ಇದೇ ಮಣ್ಣಿನ ಪ್ರತಿಭೆಗಳು.

ಈ ಪರಂಪರೆಯ ಮಡಿಲಲ್ಲೇ, 1937ರ ಜನವರಿ 2ರಂದು, ಘೋಡಗೇರಿಯ ಕಮ್ಮಾರ ಕುಟುಂಬದಲ್ಲಿ ಚಂದ್ರಶೇಖರ ಕಂಬಾರರು ಜನಿಸಿದರು. ಲಾವಣಿ, ಬಯಲಾಟ, ಹಬ್ಬದ ಹಾಡುಗಳ ನಡುವೆ ಬೆಳೆದ ಅವರು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿ, ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಆಳವಾದ ಅಧ್ಯಯನ ನಡೆಸಿದರು. ಕಿವಿಯಲ್ಲಿ ಉಳಿದಿದ್ದ ನಾದಕ್ಕೆ ವಿದ್ವತ್ತಿನ ಬಲ ಸೇರಿದ್ದು ಹೀಗೆ.

ಈ ಸಂಗಮದ ಭವ್ಯ ಫಲವೇ ‘ಜೋಕುಮಾರಸ್ವಾಮಿ’ ನಾಟಕ. ಭಾದ್ರಪದದಲ್ಲಿ ಹೆಂಗಳೆಯರು ಜೋಕುಮಾರನನ್ನು ಬುಟ್ಟಿಯಲ್ಲಿಟ್ಟು ಮನೆಮನೆಗೆ ಹೊತ್ತೊಯ್ಯುತ್ತಾರೆ. ಮಳೆ-ಬೆಳೆಯ ಈ ಅಲ್ಪಾಯುಷಿ ದೈವದ ಕಥೆಯನ್ನು ಕಂಬಾರರು ಬಂಜೆತನದ ಗೌಡಿಕೆ, ಉಳುವವನ ಹಕ್ಕು, ತಾಯ್ತನಕ್ಕೆ ಹಂಬಲಿಸುವ ಹೆಣ್ಣಿನ ಅಳಲುಗಳೊಂದಿಗೆ ಬೆಸೆದರು. ದೈವದಂತೆಯೇ ರೈತ ಬಸಣ್ಣನೂ ಬಲಿಯಾಗುತ್ತಾನೆ. ಅವನು ಬಿತ್ತಿದ ಜೀವ ಮಾತ್ರ ಉಳಿಯುತ್ತದೆ. 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನ ರಂಗವೇರಿದಾಗ, ನಗರದ ಪ್ರೇಕ್ಷಕರು ಮೇಳದ ಹಾಡು, ಗಂಡು ಭಾಷೆಯ ಬಿರುಸು, ಬಯಲಾಟದ ಮುಕ್ತ ಚೌಕಟ್ಟುಗಳಿಗೆ ಮನಸೋತರು. ಆಧುನಿಕ ರಂಗಭೂಮಿಯ ದಿಕ್ಕನ್ನೇ ಬದಲಿಸಿದ ಪ್ರಯೋಗಗಳಲ್ಲಿ ಅದೂ ಒಂದು.

ತಮ್ಮ ಸೀಮೆಯ ಸತ್ವವನ್ನೆಲ್ಲ ಎರೆದು ಕಂಬಾರರು ಕಟ್ಟಿದ ಕಾಲ್ಪನಿಕ ಊರು ಶಿವಾಪುರ. ಗ್ರಾಮದೇವತೆ ಕರಿಮಾಯಿಯ ಭಕ್ತಿ, ಗೌಡರ ದರ್ಪ, ವಸಾಹತುಶಾಹಿಯ ಆಘಾತಗಳೆಲ್ಲ ಕೃತಿಯಿಂದ ಕೃತಿಗೆ ಅಲ್ಲಿ ಮರುಜೀವ ಪಡೆಯುತ್ತವೆ. ಘೋಡಗೇರಿಯ ಆಡುನುಡಿಯನ್ನು ತಿದ್ದಿ ನಯಗೊಳಿಸುವ ಗೊಡವೆಗೆ ಹೋಗದೆ, ಅದಕ್ಕೇ ಕಾವ್ಯದ ಪಟ್ಟ ಕಟ್ಟಿದ್ದು ಅವರ ಹಿರಿಮೆ.

1991ರಲ್ಲಿ ‘ಸಿರಿಸಂಪಿಗೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 2010ನೇ ಸಾಲಿನ ಜ್ಞಾನಪೀಠ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಥಮ ಕುಲಪತಿ ಸ್ಥಾನ, 2018ರಿಂದ 2023ರವರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷತೆ: ಇವೆಲ್ಲ ಕಂಬಾರರ ಸಾಧನೆಯ ಶಿಖರಗಳು. ಅವರ ನಾಟಕಗಳು ಇಂದಿಗೂ ಹೊಸ ತಲೆಮಾರಿನ ತಂಡಗಳನ್ನು ಸೆಳೆಯುತ್ತಿವೆ. ಆ ತಂಡಗಳು ಒಮ್ಮೆ ಬೆಳಗಾವಿಯ ಹಳ್ಳಿಗಳಿಗೆ ಬಂದು ಪಾರಿಜಾತವನ್ನೋ ಸಣ್ಣಾಟವನ್ನೋ ಬೆಳಗಿನವರೆಗೆ ನೋಡಬೇಕು. ಕಂಬಾರರ ಸಂಭಾಷಣೆಯ ಲಯ ಎಲ್ಲಿಂದ ಚಿಮ್ಮಿತೆಂಬುದು ಆಗ ತಾನಾಗಿ ತಿಳಿಯುತ್ತದೆ.