ಯೆಜ್ದಿ ಸುಮ್ಮನೆ ನಿಂತರೂ ಯಾಕೆ ರೇಸ್ ಆಗುತ್ತೆ?

ಪ್ರಶ್ನೆ: ತಾತನ ಕಾಲದ ಯೆಜ್ದಿ ಇದೆ. ತುರುವೇಕೆರೆಯಿಂದ ತಿಪಟೂರಿಗೆ ಬರುವಷ್ಟರಲ್ಲಿ ಕಾರ್ಬುರೇಟರ್ ಮುಟ್ಟಲಾಗದಷ್ಟು ಬಿಸಿ. ಸ್ಲೋ ಸ್ಕ್ರೂ ಪೂರ್ತಿ ಬಿಚ್ಚಿದರೂ ರೇಸ್ ಇಳಿಯೋದಿಲ್ಲ.

ಉತ್ತರ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ನಿಮ್ಮ ಗಾಡಿಗೆ ಎಷ್ಟು ಕಡಿಮೆ ಎಂದರೂ ಮೂವತ್ತರ ಹತ್ತಿರ ವಯಸ್ಸು. ರಬ್ಬರಿನ ಸೀಲುಗಳು ಅಷ್ಟು ಬಾಳುವುದಿಲ್ಲ.

ಸ್ಕ್ರೂಗೆ ಬಗ್ಗದ ರೇಸ್ ಎಂದರೆ ಗಾಳಿ ಕಳ್ಳದಾರಿಯಲ್ಲಿ ಒಳನುಗ್ಗುತ್ತಿದೆ ಎಂದೇ ಮೊದಲ ಅನುಮಾನ. ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ಕಾಯುತ್ತದೆ. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ, ಹಾಗಾಗಿ ಪಿಸ್ಟನ್ ಜಾಮ್ ಆಗುವ ಭಯವೂ ಉಂಟು.

ಮೊದಲು ಆಕ್ಸಿಲರೇಟರ್ ಕೇಬಲ್ ಸಡಿಲವಿದೆಯೇ, ಸ್ಲೈಡ್ ಪೂರ್ತಿ ಕೆಳಗಿಳಿಯುತ್ತದೆಯೇ ನೋಡಿ. ಆಮೇಲೆ ಕಾರ್ಬುರೇಟರ್ ಸಿಲಿಂಡರಿಗೆ ಸೇರುವ ಜಾಗದ ಸುತ್ತ ಗ್ರೀಸ್ ಮೆತ್ತಿ. ರೇಸ್ ಇಳಿದರೆ ಕಳ್ಳ ಸಿಕ್ಕಿದ. ನಟ್ಟನ್ನು ಜೋರಾಗಿ ಬಿಗಿದು ಬಿಗಿದು ಫ್ಲಾಂಜ್ ಬಾಗಿರುತ್ತದೆ. ಗಾಜಿನ ಮೇಲೆ ಉಜ್ಜುಕಾಗದ ಹಾಸಿ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ. ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ಶಾಖತಡೆ ತುಂಡನ್ನು ಯಾರೋ ಬಿಸಾಡಿದ್ದರೆ ಮತ್ತೆ ಕೂರಿಸಲೇಬೇಕು.

ಗ್ರೀಸಿಗೂ ಇಳಿಯದಿದ್ದರೆ ಡೈನಮೊ ಕಡೆಯ ಕ್ರ್ಯಾಂಕ್ ಸೀಲ್ ನೋಡಿಸಿ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲನ್ನೇ ಎಳೆದುಕೊಂಡು ದಟ್ಟ ಹೊಗೆ ಬಿಡುತ್ತದೆ, ಅದನ್ನು ಹಿಂದೆ ಬರುವವರೇ ಹೇಳುತ್ತಾರೆ!

ಇಂಜಿನ್ ಇನ್ನಷ್ಟು ಬಿಸಿಯಾಗದಂತೆ, ತೆಂಗಿನಕಾಯಿ ಮೂಟೆ ಹೇರಿ ಮೊದಲ ಗೇರಿನಲ್ಲೇ ತೋಟದ ದಾರಿ ಹಿಡಿಯುವುದನ್ನು ರಿಪೇರಿಯವರೆಗಾದರೂ ನಿಲ್ಲಿಸಿ.